ನಲವತ್ತು ಸೆಕೆಂಡು

ಸುಂಕದಕಟ್ಟೆಯಲ್ಲಿ ಜೆಸಿಬಿ ಹಲ್ಲು ಇಳಿದಾಗ
ರಾತ್ರಿ ಒಂದೂ ಹತ್ತು.
ಹತ್ತು ಸೆಕೆಂಡಿಗೊಮ್ಮೆ ‘ಇದ್ದೀನಿ’ ‘ಇದ್ದೀನಿ’
ಎನ್ನುತ್ತಿದ್ದ ಎರಡು ಪೆಟ್ಟಿಗೆಗಳಲ್ಲಿ
ಒಂದರ ದನಿ ಬರಲಿಲ್ಲ. ಮತ್ತೂ ಬರಲಿಲ್ಲ.
ನಾಲ್ಕನೆಯದಕ್ಕೂ ಕಾದು
ಕಾಮಾಕ್ಷಿಪಾಳ್ಯದ ಪೆಟ್ಟಿಗೆ ಸಾರಿತು:
ನನ್ನ ಪಕ್ಕದಲ್ಲಿ ಈಗ ಸುಂಕದಕಟ್ಟೆ ಇಲ್ಲ.

ಅಷ್ಟೇ. ಯಾರು ಅಗೆದರು, ಯಾಕೆ, ಮಾತಿಲ್ಲ.
ತನ್ನ ಮಗ್ಗುಲು ಮಾತ್ರ ತನಗೆ ಗೊತ್ತು.
ಕೇಳಿದವು ಒಂದಕ್ಷರ ತಿದ್ದದೆ ಮುಂದೆ ದಾಟಿಸಿದವು,
ಅದೇ ಸುದ್ದಿ ಸುತ್ತಿ ಬಂದರೆ
ನಂಬರು ನೋಡಿ ಬಿಸಾಕಿದವು.
ಪೀಣ್ಯ, ಹಲಸೂರು, ಬೇಗೂರು,
ತಂತಮ್ಮ ನಕ್ಷೆಯಲ್ಲಿ ಅದೊಂದೇ ಗೆರೆ ಅಳಿಸಿ
ಹತ್ತಿರದ ದಾರಿಯನ್ನು ಮೊದಲಿಂದ ಲೆಕ್ಕ ಹಾಕಿದವು.
ಊರು ಮಗ್ಗುಲು ಬದಲಿಸಲಿಲ್ಲ.

ನಾವಿನ್ನೂ ಗುಂಡಿಯ ಬಾಯಲ್ಲಿ.
ಜಲಮಂಡಳಿಯೋರು ಅಂತಾನೆ ಚೌಡಪ್ಪ.
ಅಲ್ಲ, ಗ್ಯಾಸ್ ಪೈಪಿನೋರು; ಸೈಕಲ್ ಟೀಯವನು ಕಂಡಿಲ್ಲ,
ಕಂಡವನ ಭಾವಮೈದ ಹೇಳಿದ್ದಂತೆ.
ಎರಡನೇ ಲೋಟಕ್ಕೆ ಐದು ಕತೆ.

ಕೂದಲಿನಷ್ಟು ಗಾಜಿಗೆ ಕೂದಲಿನಷ್ಟು ಗಾಜು
ಬೆಸೆಯುವಾಗ ಮಾತ್ರ ಎಲ್ಲರೂ ಸುಮ್ಮನಾದರು.
ಹಸಿರು ದೀಪ.
ತಂತಿಯಾಚೆಯಿಂದ, ಒಂದು ದೂರೂ ಇಲ್ಲದೆ,
‘ಇದ್ದೀನಿ.’

ಮಣ್ಣು ಎಳೆಯುತ್ತ ಚೌಡಪ್ಪ ಮತ್ತೆ ಶುರು:
ಜಲಮಂಡಳಿಯೋರೇ ಕಣೋ.