ಒಂದು ಮೀನು, ಹದಿನಾರು ಕೈ

ಬೆಳಗಿನ ಹತ್ತೂವರೆಯ ಹೊತ್ತಿಗೆ
ನಮ್ಮೂರ ಮೇಲೆ ಆಕಾಶದಲ್ಲೊಂದು ಕಣ್ಣು ಹಾಯುತ್ತದೆ.
ಒಂದು ಅಂದರೆ ಸುಳ್ಳು. ಎರಡು.
ಮೊದಲನೆಯದಕ್ಕೆ ಗೆರೆ ಗೊತ್ತು, ಬಣ್ಣ ಗೊತ್ತಿಲ್ಲ:
ಗೋಡೆ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು,
ದೋಣಿಯ ಮೂತಿ ಯಾವ ದಿಕ್ಕಿಗೆ,
ಎಲ್ಲವನ್ನೂ ಬೂದಿಯಲ್ಲಿ ಬರೆದಿಡುತ್ತದೆ.
ಎರಡನೆಯದು ಬಣ್ಣದ ಹುಚ್ಚಿ.
ಕೆಂಪು ಕಂಡೆ, ಹಸಿರು ಕಂಡೆ ಅನ್ನುತ್ತದೆ;
ಎಲ್ಲಿ ಅಂತ ಕೇಳಿದರೆ
ಕೈ ಬೀಸಿ, ಅಲ್ಲೆಲ್ಲೋ.

ಇವೆರಡನ್ನೂ ಕೂಡಿಸುವುದು ನನ್ನ ಸಂಬಳದ ಕೆಲಸ,
ಡಾಕಾರ್‌ನಲ್ಲಿ, ಮೂರನೆಯ ಮಹಡಿಯಲ್ಲಿ,
ಕರೆಂಟು ಇರುವಷ್ಟು ಹೊತ್ತು.
ಹದಿನಾರು ಬೂದು ಚೌಕಗಳಿಗೆ
ಒಂದೇ ಒಂದು ಬಣ್ಣದ ಚೌಕ.
ಮನೆಯಲ್ಲಿ ಊಟಕ್ಕೆ ಕೂತ ಹಾಗೆಯೇ:
ಒಂದು ಬೋಗುಣಿ, ಸುತ್ತ ಹದಿನಾರು ಕೈ,
ಅನ್ನದ ನಡುವೆ ಒಂಟಿ ಮೀನು.
ಅಜ್ಜಿ ಪೆಂದಾ ಮುರಿಮುರಿದು
ಎಲ್ಲರ ಎದುರಿಗೆ ಎಸೆಯುತ್ತಿದ್ದಳಲ್ಲ,
ಯಾರಿಗೆ ಎಷ್ಟು ಅನ್ನುವುದು ಅವಳ ಬೆರಳಿಗೆ ಮಾತ್ರ ಗೊತ್ತು,
ಹಾಗೆ ಹಂಚುತ್ತೇನೆ.
ಬಿಸಿಲಿಗೆ ಮೈಯೊಡ್ಡಿದ ಚೌಕಕ್ಕೆ ತುಸು ಹೆಚ್ಚು,
ನೆರಳಲ್ಲಿ ಕೂತದ್ದಕ್ಕೆ ಕಮ್ಮಿ.
ಮಸುಕು ಹರಿದು, ಪರದೆಯ ಮೇಲೆ
ಊರು ಮುಖ ತೊಳೆದುಕೊಂಡು ಎದ್ದು ಕೂರುತ್ತದೆ.

ಈ ಸಲ ಬಂದದ್ದು ಸಾಂ ಲೂಯಿ.
ನದಿಗೂ ಕಡಲಿಗೂ ನಡುವೆ ಚಾಚಿದ ಮರಳಿನ ನಾಲಿಗೆ,
ಅದರ ಮೇಲೆ ನಾವು ಹುಟ್ಟಿದ ಕೇರಿ.
ಕಡಲು ನುಂಗುವ ಮೊದಲಿನ ಚಿತ್ರ.
ಕೆಲಸ ಮುಗಿದ ಮೇಲೆ ಒಂದು ಪ್ರತಿ ಅಚ್ಚು ಹಾಕಿಸಿ,
ಸುರುಳಿ ಸುತ್ತಿ, ಬಸ್ಸಿನಲ್ಲಿ ಐದು ಗಂಟೆ ತೊಡೆಯ ಮೇಲಿಟ್ಟುಕೊಂಡು
ಮಗಾತ್ ಮಾವನ ಬಳಿ ಹೋದೆ.

ಒಳನಾಡಿನ ಹೊಸ ವಸತಿ. ಸಾಲು ಗುಡಾರ,
ಅಲೆಯ ಸದ್ದಿಲ್ಲ; ಅದಕ್ಕೇ ನಿದ್ದೆ ಬರುವುದಿಲ್ಲವಂತೆ.
ನಲವತ್ತು ವರ್ಷ ದೋಣಿಗಳಿಗೆ ಬಣ್ಣ ಬಳಿದ ಮನುಷ್ಯ.
ಉಗುರಿನ ಸಂದಿಯ ಹಳದಿ ಇನ್ನೂ ಹೋಗಿಲ್ಲ.
ಚಹಾದ ಮೂರನೆಯ ಸುತ್ತು ಪಕ್ಕಕ್ಕಿಟ್ಟು
ಹಾಳೆಯ ಮೇಲೆ ಮೂಗು ತಾಗುವಂತೆ ಬಗ್ಗಿದ.

ಅಳಿವೆಯಲ್ಲಿ ಒಂದು ದೋಣಿ.
ಬೂದು ಒಡಲು ಮುಂದೆ ಓಡುತ್ತಿದೆ,
ಅದರ ಕೆಂಪು ಎರಡು ಮಾರು ಹಿಂದೆ, ನೀರಿನ ಮೇಲೆ.
ಎರಡು ಕಣ್ಣೂ ಒಂದೇ ಕ್ಷಣಕ್ಕೆ ತೆರೆಯುವುದಿಲ್ಲ ಮಾವ,
ಓಡುವುದರ ಬಣ್ಣ ಹಿಂದೆ ಉಳಿದುಬಿಡುತ್ತೆ,
ಅಂತ ವಿವರಿಸಹೊರಟೆ.
"ಸುಮ್ಮನಿರು. ಅದು ಬಿರಾನ್‌ನ ದೋಣಿ.
ಆತುರಗೇಡಿ! ಪೇಂಟು ಆರುವ ಮೊದಲೇ ನೀರಿಗಿಳಿಸಿದ್ದಾನೆ."
ಕೆಮ್ಮು ಬರುವವರೆಗೆ ನಕ್ಕ.

ಆಮೇಲೆ ಬೆರಳು ಓಣಿ ಹಿಡಿಯಿತು.
ಮಸೀದಿ, ಮೀನು ಒಣಗಿಸುವ ತಟ್ಟಿಗಳು, ಮುರಿದ ನಲ್ಲಿ,
ಎಡಕ್ಕೆ ಮೂರನೆಯದು.
ಅಲ್ಲೇ ನಿಂತಿತು.
"ನಮ್ಮನೆ ನೀಲಿ?"

ಅಲ್ಲ.
ನೀಲಿ ಪಕ್ಕದ ಎಂಬಿಸಿನ್‌ಳ ತಾಡಪಾಲಿನದು.
ಹಂಚುವಾಗ ನಮ್ಮ ತುಕ್ಕು ತಗಡಿನ ಮೇಲೂ ಚೆಲ್ಲಿದೆ.
ಅಳತೆಗೆ, ಪರಿಹಾರದ ಲೆಕ್ಕಕ್ಕೆ ಇದನ್ನು ಮುಟ್ಟುವುದಿಲ್ಲ;
ಅದಕ್ಕೆ ಕಲಬೆರಕೆಯಿಲ್ಲದ ಮಸುಕು ಚಿತ್ರವೇ ಬೇಕು.
ಇದು ಬರೀ ಕಣ್ಣಿಗೆ.
ಎಲ್ಲ ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ.

"ಕುರಾ ಪ್ರತಿ ವರ್ಷ ಕೇಳುತ್ತಿದ್ದಳು," ಅಂದ,
"ಊರವರ ದೋಣಿಗೆಲ್ಲ ಬಳಿಯುತ್ತೀ,
ನನ್ನ ಬಾಗಿಲಿಗೊಂದು ಕೈ ನೀಲಿ ಬಳಿಯೋ ಅಂತ.
ಮುಂದಿನ ದೋಣಿಯಲ್ಲಿ ಮಿಕ್ಕಿದರೆ ನೋಡೋಣ ಅನ್ನುತ್ತಿದ್ದೆ."
ಡಬ್ಬಿಯಲ್ಲಿ ಯಾವತ್ತೂ ಮಿಗಲಿಲ್ಲ.
ಅತ್ತೆ ಹೋದದ್ದು ಮನೆಗಿಂತ ಒಂದು ಮಳೆಗಾಲ ಮೊದಲು.

ಹಾಳೆಯನ್ನು ಗುಡಾರದ ಬಟ್ಟೆಗೆ
ಎರಡು ಗಾಳದ ಮುಳ್ಳಿನಿಂದ ಸಿಕ್ಕಿಸಿದ.
ಹಿಂದೆ ಸರಿದು ನೋಡಿದ, ಮತ್ತೆ ಹತ್ತಿರ ಹೋದ.
"ಬಾಗಿಲಿಗೂ ಸ್ವಲ್ಪ ತಾಗಿದೆಯೇನೇ?"

ಮೇಲಿನಿಂದ ಬಾಗಿಲು ಕಾಣುವುದಿಲ್ಲ ಮಾವ,
ಅನ್ನಬೇಕಿತ್ತು.
ತಾಗಿದೆ ಅಂದೆ.