ಹಳಿಯ ತುಂಡು

ಮೂರ್ತಿ ಕಮಿಟಿಯವರು ಬಂದಿದ್ದರು ನಿನ್ನೆ,
ಫರಸಿ ಹಾಸಿದ ಅಂಗಳದಾಗ ಚಪ್ಪಲಿ ಬಿಟ್ಟು.
ಶಹಾಬಾದದ ಚೌಕಿನಾಗ
ಭೀಮಶಾ ಹೊಸಮನಿಯನ್ನ ಕಂಚಿನಾಗ ನಿಲ್ಲಸ್ಲತ್ತಾರಂತ,
ಎಡಗೈ ಮುಂದ, ಬಲಗೈ ಗದ್ದಕ್ಕ.
‘ನಿಮ್ಮ ಗಂಟಿ ಬೇಕು ಮಾಣಿಕರಾವ್,
ಗಾಜಿನ ಪೆಟಗ್ಯಾಗ ಇಡ್ತೀವಿ.
ಹಂಗೇ ಇಲ್ಲೊಂದು ಸಹಿ,
ಏಟು ಮೊದಲು, ಗಂಟಿ ಆಮ್ಯಾಲ ಅಂತ.’

ಗಂಟಿ ಅಂದ್ರ ಗಂಟಿ ಅಲ್ಲ ಅದು.
ವಾಡಿ ಜಂಕ್ಷನ್ನಿನ ಹಳಿಯ ತುಂಡು, ಗೇಣುದ್ದ,
ಗ್ಯಾಂಗಿನ್ಯಾಗ ಇದ್ದಾಗ ಕೇಳಿ ತಂದದ್ದು.
ಬಡಿಲಕ್ಕ ಒಂದು ಬೋಲ್ಟು.
ಅದು ಮಾತಾಡಿದ್ರ ಕೈ ಇಳೀಬೇಕು.
ಅಷ್ಟ ಕಾನೂನು. ಉಳಿದದ್ದು ಪುಸ್ತಕದ್ದು.

ಆ ರಾತ್ರಿ ಫ್ಯಾಕ್ಟರಿ ಮೈದಾನದಾಗ
ಗಾಳಿಗೂ ಜಾಗ ಇರಲಿಲ್ಲ.
ಚಿಮಣಿಯ ಬೂದಿ ಇಳಿದು
ರಿಂಗಿನ ಹಗ್ಗ ಹಿಟ್ಟು ಹಚ್ಚಿದಂಗ ಬೆಳ್ಳಗ.
ಈ ಕಡೆ ಭೀಮಶಾ, ಖಣಿಯಾಗ ಕಲ್ಲೆತ್ತಿದ ಹೆಗಲು.
ಆ ಕಡೆ ಆಳಂದದ ಲಾಡ್ಲೇಮಶಾಕ,
ತಾನೇ ಕೆಡವಿದವನ ಕೈ ಹಿಡಿದು ಎಬ್ಬಿಸೋ ಹುಚ್ಚ.

ಕಡೀ ಸುತ್ತು. ನಾ ಬಡದೆ.
ಮಶಾಕ ಕೈ ಇಳಿಸಿದ, ತನ್ನ ಮೂಲಿಗಿ ತಿರುಗಿದ.
ಆಗ ಬಿತ್ತು.
ಎಡಗಿವಿ ಹಿಂದ.
ಲಾರಿ ಮ್ಯಾಲಿಂದ ತೊಗರಿ ಚೀಲ ಕೆಡವಿದಂಥ ಸಪ್ಪಳ.

ಗದ್ದಲದಾಗ ಕೇಳಿಲ್ಲ ಅಂದ ಭೀಮಶಾ.
ಕೇಳಿಲ್ಲ ಕೇಳಿಲ್ಲ ಅಂತ ಮೈದಾನವೇ ಕೂಗಿತು.
ಪಂಚರು ತಲಿ ಕೂಡಿಸಿದರು, ತಲಿ ಅಲ್ಲಾಡಿಸಿದರು.
ಢಾಲು ಬಂತು, ಗುಲಾಲು ಬಂತು,
ಸ್ಟೇಷನ್ ತನಕಾ ಹೊತ್ತುಕೊಂಡು ಹೋದರು ಅಂವನ್ನ.
ಹಿಂದ ಹೋದವರೊಳಗ ನಾನೂ ಇದ್ದೆ. ಸುಳ್ಳ್ಯಾಕ ಹೇಳಲಿ,
ನನ್ನ ಅಂಗಿಯೂ ಕೆಂಪಗಿತ್ತು.

ನಲವತ್ತೊಂದು ವರ್ಷ.
ದಿಲ್ಲಿಯಾಗ ಗೆದ್ದ, ಕೊಲಂಬೊದಾಗ ಗೆದ್ದ,
ಪೇಪರಿನ್ಯಾಗ ಅಂವನ ಮೂಗು ನಮ್ಮೂರಿನಕಿಂತ ದೊಡ್ಡದಾತು.
ಖಣಿ ಹುಡುಗರಿಗೆ ಗ್ಲೋವ್ಸ್ ಕೊಡಿಸಿದ, ಹಾಲು ಕುಡಿಸಿದ,
ಯಾರಿಗೂ ಹೇಳದ ಎಷ್ಟೋ ಮಕ್ಕಳ ಫೀ ಕಟ್ಟಿದ.
ಇದೂ ಖರೇ. ಅದೂ ಖರೇ.
ಒಂದ ಚೀಲದಾಗ ತುಂಬಿದ್ರ ಹೊಲಿಗಿ ಬಿಚ್ಚತಾವ.

ಆದ್ರ ಅಂವನ ಹುಡುಗರ ಹುಡುಗರು
ಮಗ್ಗಿಯಂಗ ಬಾಯಿಪಾಠ ಮಾಡ್ಯಾರ ಭೀಮಶಾ ಗುದ್ದು:
ಗಂಟಿ ಆದಮ್ಯಾಲ ಒಂದು ಎಣಿಸು, ಹೊಡಿ,
ಕೇಳಿಲ್ಲ ಅನ್ನು.

ಹೋದ ತಿಂಗಳು ಕಲಬುರಗಿಯಾಗ ನೋಡಿದೆ.
ಜೇವರ್ಗಿ ಕಡೆಯ ಪೋರಿ, ಸುಗಲಾ ಅಂತ.
ಬಜರ್ ಒದರಿದ ಕೂಡ್ಲೆ ಆಕಿ ಮುಷ್ಟಿ
ಎದುರಿನಾಕಿ ಮೂಗಿನಿಂದ ಎರಡು ಬೆರಳು ದೂರ ನಿಂತಿತು.
ಮಾಸ್ತರ ಹಿಂದಲಿಗೆ ಒಂದು ಬಿಗಿದ:
‘ಅರ್ಧ ಸೆಕೆಂಡ್ ಇತ್ತಲ್ಲ, ಕೈ ಯಾಕ ನಿಲ್ಲಿಸಿದಿ?’
‘ಸರ್, ಆಗಿತ್ತಲ್ಲ’ ಅಂದಳು,
ಹೊತ್ತು ಮುಣುಗಿತ್ತಲ್ಲ ಅಂದಂಗ.

ಅಲ್ಲಿಂದ ಸೀದಾ ಆಳಂದಕ್ಕ ಹೋದೆ.
ಮಶಾಕ ಗಾದಿ ಹೊಲೀಲತ್ತಿದ್ದ, ಬಾಯಾಗ ದಾರ.
ಎಡಕ್ಕ ಕೂತೆ. ಈ ಕಡೆ ಬಾ ಅಂತ ಬಲಕ್ಕ ಕರೆದ.
ಕೇಳಬೇಕಾದ್ದು ಕೇಳಿದೆ.
‘ಕೇಳಿಲ್ಲ ಅಂದ್ರ ಕೇಳಿರಲಿಕ್ಕಿಲ್ಲ ಬಿಡು’ ಅಂದ.
‘ಕೇಳದಿದ್ರ ಹೆಂಗಿರ್ತದಂತ
ನನಗಿಂತ ಯಾರಿಗಿ ಗೊತ್ತದ?’

ಹತ್ತಿ ಹಾರಿ ಅಂವನ ಹುಬ್ಬಿಗಿ ಕೂತಿತ್ತು.

ಒಂದು ಮಾತು ಯಾರೂ ನನ್ನ ಕೇಳಿಲ್ಲ.
ಎಷ್ಟು ಜೋರ ಬಡದಿ ಮಾಣಿಕಾ ಅಂತ.
ನಾನೂ ಆಟ ನೋಡ್ಕೋತ ಕೂತಿದ್ದೆ, ಬಾಯಿ ತೆರೆದು.
ಮುಳ್ಳು ದಾಟಿತ್ತು. ಬೆವರಿಗೆ ಬೋಲ್ಟು ಜಾರಿತು.
ಸಪ್ಪಳಾದದ್ದು ಖರೇ. ಎಷ್ಟು ಅನ್ನೋದು
ಹಳಿಗೆ ಗೊತ್ತು, ಅದು ಸಹಿ ಮಾಡೂದಿಲ್ಲ.

ಕಮಿಟಿಯವರಿಗೆ ಚಹಾ ಕೊಟ್ಟೆ, ಗಂಟಿ ಕೊಟ್ಟೆ.
ಕಾಗದದ ಮ್ಯಾಲಿದ್ದ ಎರಡು ಶಬ್ದ
ಅದಲು ಬದಲು ತಿದ್ದಿ, ಕೆಳಗ
‘ಮೆಲ್ಲಗ ಬಡದಿದ್ದೆ’ ಅಂತ ಬರದು ಸಹಿ ಹಾಕಿದೆ.
ಓದದ ಮಡಚಿ ಕಿಸೆದಾಗ ಇಟ್ಟರು.

ಬೋಲ್ಟು ಕೊಡಲಿಲ್ಲ.
ರಾತ್ರಿ ಅದರಿಂದ ಅಂಗಳದ ಫರಸಿ ಬಡದು ನೋಡಿದೆ.
ಠಕ್ ಅಂತು, ಅಷ್ಟ.
ಓಣಿಯ ನಾಯಿಯೊಂದು ಎದ್ದು ಕೂತಿತು.