ದೊರೆಯ ಗೆಣಸು

ಒಂಬತ್ತಕ್ಕೆ ಸರಪಳಿ ಬಿಚ್ಚುತ್ತಾಳೆ ಮಿತ್ಸುಯೊ.
ಟಿಕೆಟ್ಟಿಲ್ಲ. ಒಂದು ಫಲಕ, ಮೂರು ಭಾಷೆ,
ಎಪ್ಪತ್ತೆಂಟು ಮೆಟ್ಟಿಲು.

ಗುಡ್ಡದ ಮೈಗೆಲ್ಲ ಹೊಳೆಗಲ್ಲು ಹೊದಿಸಿದ್ದಾರೆ,
ಆಗಷ್ಟೇ ಹಲ್ಲುಜ್ಜಿದ ಹಾಗೆ ಬೆಳ್ಳಗೆ.
ಅಂಚಿಗೆ ಸಾಲಾಗಿ ಮಣ್ಣಿನ ಕೊಳವೆಗಳು, ಹಾನಿವಾ.
ಹಳೆಯವಲ್ಲ; ಊರ ಶಾಲೆಯ ಮಕ್ಕಳು ತಟ್ಟಿ ಸುಟ್ಟವು.
ಬಗ್ಗಿ ಇಣುಕಿದರೆ ಒಳಗೆ ಕಡ್ಡಿಯಲ್ಲಿ ಗೀಚಿದ ಹೆಸರು:
ಐದನೇ ತರಗತಿ, ಕುಬೊಕಿ.
ಆ ಕುಬೊಕಿ ಈಗ ಊರ ಬಸ್ ಓಡಿಸುತ್ತಾನೆ,
ಗುಡ್ಡದ ತಿರುವಿನಲ್ಲಿ ಒಮ್ಮೆ ಹಾರ್ನ್ ಒತ್ತುತ್ತಾನೆ
ಎದುರಿಗೆ ಯಾರಿಲ್ಲದಿದ್ದರೂ.

ಆಕಾಶದಿಂದ ನೋಡಿದರೆ ಬೀಗದ ತೂತು, ಎನ್ನುತ್ತದೆ ಫಲಕ.
ಆಕಾಶದಿಂದ ಯಾರು ನೋಡುತ್ತಿದ್ದರಂತೆ ಆಗ?
ಊರಿಗೆ ಇದು ಸೋರೆಗುಡ್ಡ.
ಸೋರೆಯ ದುಂಡು ಹೊಟ್ಟೆಯ ಮೇಲೆ ಅವ್ವ ಗೆಣಸು ನೆಟ್ಟಳು
ಯುದ್ಧ ಮುಗಿದು ಅಕ್ಕಿ ಕಾಣದ ವರ್ಷ,
ಅಕ್ಕಿ ಬಂದ ಮೇಲೂ ಬಿಡಲಿಲ್ಲ.
ಅವಳ ಬೆನ್ನಿಗೆ ಕಟ್ಟಿಸಿಕೊಂಡು ಮಿತ್ಸುಯೊ ಕೇಳಿದ ಮೊದಲ ಮಾತು
ಸಂತೆಯ ಕೂಗು:
'ದೊರೆಯ ಗೆಣಸು, ಬನ್ನಿ, ದೊರೆಯ ಗೆಣಸು!'
ದೊರೆ ಗಿರೆ ಯಾರಿಗೆ ಗೊತ್ತಿತ್ತು?
ಹಾಗೆ ಕೂಗಿದರೆ ಬುಟ್ಟಿ ಬೇಗ ಖಾಲಿಯಾಗುತ್ತಿತ್ತು, ಅಷ್ಟೆ.

ಆಮೇಲೆ ಬಂದರು ದಾರ, ಗೂಟ, ಕುಂಚ ಹಿಡಿದವರು.
ಬಳ್ಳಿ ಕಿತ್ತರು. ಎರಡಾಳುದ್ದ ಕೆಳಗೆ ಕಲ್ಲಿನ ಕೋಣೆ.
ಮೂಳೆಯಿರಲಿಲ್ಲ, ಹುಳಿಮಣ್ಣು ತಿಂದು ಮುಗಿಸಿತ್ತು.
ಕೆಂಪು ಉಳಿದಿತ್ತು,
ತಲೆಯಿದ್ದ ಕಡೆ ಇನ್ನಷ್ಟು ಕೆಂಪು,
ಅಲ್ಲೊಂದು ಹಲ್ಲು ಮುರಿದ ಬಾಚಣಿಗೆ.

ಪರಿಹಾರದ ಲಕೋಟೆ ಸೊಂಟಕ್ಕೆ ಸಿಕ್ಕಿಸಿಕೊಂಡೇ
ಅವ್ವ ಹಳ್ಳದಂಚಿಗೆ ಕೂತು ನೋಡಿದಳು.
'ಹೆಂಗಸಿರಬೇಕು' ಎಂದಳು.
ಕುಂಚದವರು ನಕ್ಕರು: ಆಗ ಗಂಡಸರೂ ಮುಡಿಯುತ್ತಿದ್ದರು, ಅಜ್ಜಿ.
'ಯಾರಾದರೂ ಆಗಲಿ.
ತಲೆ ಬಾಚಿ ಮಲಗಿದವರ ನೆತ್ತಿಯ ಮೇಲೆ
ಇಪ್ಪತ್ತು ವರ್ಷ ಗುದ್ದಲಿ ಹಾಕಿದೆನಲ್ಲ.'
ಆ ರಾತ್ರಿ ಅವ್ವ ಉಣ್ಣಲಿಲ್ಲ.
ಮರುದಿನ ಉಂಡಳು.

ಇವತ್ತು ಒಬ್ಬ ಹುಡುಗ, ಟೋಪಿ ಹಿಂದುಮುಂದು:
ಒಳಗೆ ಯಾರಿದ್ದಾರೆ?
ಯಾರೂ ಇಲ್ಲಪ್ಪ.
ಮತ್ತೆ ಇಷ್ಟೊಂದು ಕಲ್ಲು ಯಾಕೆ?

ಫಲಕದಲ್ಲಿ ಇದಕ್ಕೆ ಉತ್ತರವಿಲ್ಲ,
ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ.
'ಕೈಯಿಡು ನೋಡು' ಎಂದಳು.
ಮಧ್ಯಾಹ್ನದ ಬಿಸಿಲು ಕುಡಿದ ಕಲ್ಲು.
ಹುಡುಗ ಅಂಗೈ ಊರಿದ, ಚುರ್ರೆಂದು ಕಿತ್ತುಕೊಂಡ,
ಮತ್ತೆ ಊರಿದ.
'ಗಾಡಿಯವನ ಸುಟ್ಟ ಗೆಣಸಿನ ಹಾಗಿದೆ!'

ಅವಳು ಏನೂ ಹೇಳಿಕೊಟ್ಟಿರಲಿಲ್ಲ.

ಕೆಳಗೆ ತಿರುವಿನಲ್ಲಿ ಬಸ್ಸಿನ ಹಾರ್ನ್.
ದಿನವೂ ಕೈಯೆತ್ತುವವಳು ಇವತ್ತು ಎತ್ತಲಿಲ್ಲ:
ಒಂದು ಕೈಯಲ್ಲಿ ಕಲ್ಲಿನ ಸಂದಿಯಿಂದ ಕಿತ್ತ ಕಳೆ,
ಇನ್ನೊಂದು, ಆ ಹುಡುಗನ ಪಕ್ಕ,
ಕಲ್ಲಿನ ಮೇಲೆ.